ಇಯರ್‌ಫೋನ್ ಮರೆತ ಸಂಜೆ, ಅಪ್ಪನ ಕೆರೆ ದಂಡೆಯಲ್ಲಿ ಒಂದು ಮೂಕಿ ವೆಸ್ಟರ್ನ್

ಈ ವಾರದ ಸಂಚಿಕೆ ಶುರುವಾಗಿದ್ದು ನನ್ನ ಮರೆವಿನಿಂದ. ಊರಿಗೆ ಹೋದಾಗೆಲ್ಲ ಸೋಮವಾರ ಸಂಜೆ ಆಯಿಯನ್ನು ಶರಣಬಸವೇಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋಗೋದು ನನ್ನ ಕೆಲಸ. ಕಲಬುರಗಿಯವರಿಗೆ ಗೊತ್ತಿರುತ್ತೆ, ನಮ್ಮ ಆಯಿಗಳು ಒಮ್ಮೆ ಒಳಗೆ ಹೋದರೆ ದರ್ಶನ ಒಂದಕ್ಕೇ ಮುಗಿಸಿ ಬರೋರಲ್ಲ. ಪರಿಚಯದವರು ಸಿಗ್ತಾರೆ, ಅವರ ಸೊಸೆಯ ಸುದ್ದಿ ಬರುತ್ತೆ, ಕಮಲಾಪುರದ ತವರಿನವರು ಯಾರಾದರೂ ಕಂಡರಂತೂ ಮುಗೀತು. ನಾನು ಹೊರಗೆ ಅಪ್ಪನ ಕೆರೆ ಕಡೆ ಬಂದು ಒಂದು ಕಲ್ಲಿನ ಮೇಲೆ ಕೂತೆ. ಜೇಬಿಗೆ ಕೈ ಹಾಕಿದರೆ ಇಯರ್‌ಫೋನ್ ಇಲ್ಲ.

ದೇವಸ್ಥಾನದ ಪಕ್ಕ ಕೂತು ಸ್ಪೀಕರ್‌ನಲ್ಲಿ ರೀಲ್ಸ್ ಹಾಕೋ ಧೈರ್ಯ ನನಗಿಲ್ಲ. ಆಗ ಹೊಳೀತು: ದನಿಯೇ ಬೇಡದ ಸಿನಿಮಾ ನೋಡಿದರೆ ಹೇಗೆ? ಯಾವತ್ತೋ ಡೌನ್‌ಲೋಡ್ ಮಾಡಿಟ್ಟಿದ್ದ ಒಂದು ಫೈಲಿತ್ತು. 'ದಿ ಡಾಟರ್ ಆಫ್ ಡಾನ್', 1920ರದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ 'ಮುಂಜಾವಿನ ಮಗಳು'. ಅಮೆರಿಕದ ಮೂಕಿ ವೆಸ್ಟರ್ನ್, ಸಣ್ಣ ಕಂಪನಿಯೊಂದರ ಕಡಿಮೆ ದುಡ್ಡಿನ ಚಿತ್ರ. ಹೆಸರು ಕೇಳಿದವರು ನೂರಕ್ಕೆ ಒಬ್ಬರೂ ಇರಲಿಕ್ಕಿಲ್ಲ.

ಹತ್ತು ನಿಮಿಷ ನೋಡಿರಬಹುದು. ಆಯಿ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಪ್ರಸಾದ.

"ಏನ್ ನೋಡ್ಲಕತ್ತೀದಿ?"

"ಸಿನಿಮಾ, ಆಯಿ. ನೂರು ವರ್ಷದ ಹಿಂದಿಂದು."

"ದನಿ ಬಂದ್ ಆಗ್ಯಾದೇನು?"

"ಇದಕ್ಕ ದನೀನೇ ಇಲ್ಲ."

ಆಯಿ ಚಷ್ಮಾ ಸರಿ ಮಾಡ್ಕೊಂಡು ಫೋನಿನ ಹತ್ತಿರ ಬಗ್ಗಿದಳು. ನಡುವೆ ಇಂಗ್ಲಿಷಿನಲ್ಲಿ ಬರೆದ ಕಾರ್ಡ್ ಬಂತು. "ಏನ್ ಬರದಾರ ಅದರಾಗ, ಓದು." ಓದಿದೆ. ಓದಿ ನಮ್ಮ ಮಾತಿನಲ್ಲಿ ಹೇಳಿದೆ. "ಇವ ಯಾರು?" "ಇವ ಹೀರೋ." "ಆಕಿ ಇವನ ಹೇಣ್ತಿಯೇನು?" "ಇನ್ನಾ ಮದಿವಿ ಆಗಿಲ್ಲ ಆಯಿ, ಇಬ್ಬರು ಆಕಿ ಹಿಂದ ಬಿದ್ದಾರ." ಅಲ್ಲಿಂದ ಮುಂದೆ ನಾನು ಸಿನಿಮಾ ನೋಡ್ಲಿಲ್ಲ, ಆಯಿಗೆ ಹೇಳ್ತಾ ಹೋದೆ. ಅಚ್ಚರಿ ಅಂದ್ರೆ, ಒಬ್ಬನೇ ನೋಡುವಾಗ ಆಕಳಿಕೆ ತರಿಸಿದ್ದ ಚಿತ್ರ ಈಗ ಓಡೋಕೆ ಶುರುವಾಯ್ತು.

ಇದಕ್ಕೆ ಕಾರಣ ಇದೆ. ಮೂಕಿ ಚಿತ್ರಗಳನ್ನು ಆ ಕಾಲದ ಜನ ಯಾವತ್ತೂ ಸುಮ್ಮನೆ ಕೂತು ನೋಡಿದವರಲ್ಲ. ಅಮೆರಿಕದ ದೊಡ್ಡ ಥಿಯೇಟರುಗಳಲ್ಲಿ ವಾದ್ಯವೃಂದ ಇರ್ತಿತ್ತು, ಸಣ್ಣ ಊರಿನಲ್ಲಿ ಒಂದು ಪಿಯಾನೋ. ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಕತೆ ಹೇಳೋ ಕಲಾವಿದರಿದ್ದರು, ಅವರಿಗೆ ಬೆನ್ಶಿ ಅಂತ ಹೆಸರು. ಕೆಲವರು ಹೀರೋಗಿಂತ ಹೆಚ್ಚು ಜನಪ್ರಿಯರು. ನಮ್ಮ ದೇಶದಲ್ಲೂ ಅನೇಕ ಕಡೆ ಕಾರ್ಡ್ ಓದಿ ಹೇಳೋರು ಇರ್ತಿದ್ದರು. ಯಾಕಂದ್ರೆ ಓದು ಬರ್ತಿದ್ದವರೇ ಕಡಿಮೆ, ಬಂದರೂ ಯಾವ ಭಾಷೆ? ಹೀಗೆ ಹೇಳೋ ಮನುಷ್ಯ, ಬಾರಿಸೋ ಮನುಷ್ಯ, ನಡುವೆ ಕೂಗೋ ಜನ, ಇವೆಲ್ಲ ಸೇರಿ ಸಿನಿಮಾ. ಈಗ ಫೋನಿನಲ್ಲಿ ನಮಗೆ ಸಿಗೋದು ಅದರಲ್ಲಿ ಒಂದು ಭಾಗ ಮಾತ್ರ. ಹರಿಕಥೆಯಲ್ಲಿ ದಾಸರನ್ನು ಎಬ್ಬಿಸಿ ಕಳಿಸಿ ಬರೀ ತಂಬೂರಿ ನೋಡ್ತಾ ಕೂತಂಗೆ. ಬೋರ್ ಆಗದೆ ಇನ್ನೇನು?

ಇನ್ನೊಂದು ವಿಷಯ, ಇದು ನಿಮ್ಮ ಫೋನಿಗೇ ಸಂಬಂಧಿಸಿದ್ದು. ಹಳೆ ಮೂಕಿಗಳಲ್ಲಿ ಜನ ಯಾಕೆ ಇರುವೆ ಹಂಗೆ ಪಟಪಟ ಓಡಾಡ್ತಾರೆ? ಆಗಿನವರು ಹಾಗೆ ನಟಿಸ್ತಿದ್ದರು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಆಗ ಕ್ಯಾಮೆರಾವನ್ನು ಕೈಯಿಂದ ಹಿಡಿಕೆ ತಿರುಗಿಸಿ ಓಡಿಸ್ತಿದ್ದರು. ಸೆಕೆಂಡಿಗೆ 16, 18, ಕೆಲವೊಮ್ಮೆ 20ಕ್ಕೂ ಹೆಚ್ಚು ಚಿತ್ರಗಳು. ದನಿ ಬಂದ ಮೇಲೆ ಸೆಕೆಂಡಿಗೆ 24 ಅಂತ ನಿಗದಿಯಾಯ್ತು. 16ರಲ್ಲಿ ತೆಗೆದಿದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಜೋರು. ಸರಿಯಾಗಿ ರಿಪೇರಿ ಮಾಡಿದ ಪ್ರತಿಗಳಲ್ಲಿ ಇದನ್ನು ತಿದ್ದಿರ್ತಾರೆ. ಯಾರೋ ಹಾಗೇ ಅಪ್‌ಲೋಡ್ ಮಾಡಿದ್ದರಲ್ಲಿ ತಿದ್ದಿರೋದಿಲ್ಲ. ಆಗ ಪ್ಲೇಯರ್‌ನ ಸ್ಪೀಡ್ ಮೆನುಗೆ ಹೋಗಿ 0.75 ಒತ್ತಿ. ಪಾಡ್‌ಕಾಸ್ಟ್‌ಗಳನ್ನು ಒಂದೂವರೆ ಸ್ಪೀಡಿನಲ್ಲಿ ಕೇಳೋ ನೀವು (ನನಗೆ ಗೊತ್ತು, ನೀವು ಈಗಲೂ ಹಾಗೇ ಕೇಳ್ತಿದ್ದೀರಿ) ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಿ. ಕುದುರೆ ಮೇಲಿನ ಬೊಂಬೆ ಇದ್ದಕ್ಕಿದ್ದಂತೆ ಮನುಷ್ಯನಾಗ್ತಾನೆ, ಅವನಿಗೆ ಮೈತೂಕ ಬರುತ್ತೆ.

ಇನ್ನು ಪರದೆ. ಆ ಚಿತ್ರಗಳ ಚೌಕಟ್ಟು ನಾಲ್ಕಕ್ಕೆ ಮೂರು, ಹೆಚ್ಚುಕಡಿಮೆ ಚೌಕ. ಉದ್ದನೆ ಫೋನಿನಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬರುತ್ತೆ. ಎರಡು ಬೆರಳಿಂದ ಹಿಗ್ಗಿಸಿ ತುಂಬಿಸೋಕೆ ಹೋಗಬೇಡಿ, ಹೀರೋನ ತಲೆ ಹೋಗುತ್ತೆ. ರಾತ್ರಿ ದೃಶ್ಯ ಅಂತ ಕಾರ್ಡ್ ಹೇಳಿ, ಪರದೆ ಮೇಲೆ ಸುಡು ಬಿಸಿಲು ಕಂಡರೆ ನಗಬೇಡಿ. ರಾತ್ರಿ ಶೂಟ್ ಮಾಡೋ ಅಷ್ಟು ಬೆಳಕು ಸಣ್ಣ ಕಂಪನಿಗಳ ಹತ್ತಿರ ಇರಲಿಲ್ಲ. ಹಗಲಲ್ಲೇ ತೆಗೆದು, ಆ ಫಿಲ್ಮಿನ ತುಂಡನ್ನು ನೀಲಿ ಬಣ್ಣದಲ್ಲಿ ಅದ್ದಿ ತೆಗೀತಿದ್ದರು. ನೀಲಿ ಅಂದ್ರೆ ರಾತ್ರಿ, ಅದು ಜನಕ್ಕೆ ಗೊತ್ತಿತ್ತು. ಆಮೇಲೆ ಯಾರೋ ಕಪ್ಪು-ಬಿಳುಪಿನಲ್ಲಿ ನಕಲು ತೆಗೆದರು, ನೀಲಿ ಹೋಯ್ತು, ಬಿಸಿಲು ಉಳೀತು.

ಸರಿ, ಸಿನಿಮಾಕ್ಕೆ ಬರೋಣ. ಸುಳ್ಳು ಹೇಳಲ್ಲ, ಕತೆ ಸಾಮಾನ್ಯ. ನಾಯಕನ ಮಗಳು, ಅವಳನ್ನು ಬಯಸೋ ಇಬ್ಬರು ತರುಣರು, ಅವರಲ್ಲಿ ಒಬ್ಬ ಧೀರ, ಇನ್ನೊಬ್ಬ ಪುಕ್ಕಲ. ಪುಕ್ಕಲನನ್ನು ಪ್ರೀತಿಸೋ ಇನ್ನೊಬ್ಬ ಹುಡುಗಿ. ಯಾರಿಗೆ ಮಗಳನ್ನು ಕೊಡೋದು ಅಂತ ತೀರ್ಮಾನಿಸೋಕೆ ಇಬ್ಬರಿಗೂ ಬೆಟ್ಟದ ಕೋಡಿನಿಂದ ಹಾರೋ ಪರೀಕ್ಷೆ. ಈ ದೃಶ್ಯಕ್ಕೆ ಆಯಿ ಕಣ್ಣು ಕಿರಿದು ಮಾಡಿದಳು. "ಹುಚ್ಚ ಅದಾನೇನ್ ಇಂವ? ಮಗಳ್ನ ಕೊಡ್ಲಕ ಹುಡುಗನ್ನ ಗುಡ್ಡದ ಮ್ಯಾಲಿಂದ ದಬ್ಬಬೇಕೇನು?" ಪುಕ್ಕಲ ಹಾರಲ್ಲ, ಅವನನ್ನು ಊರಿಂದ ಹಾಕ್ತಾರೆ, ಅವನು ಹೋಗಿ ಎದುರಾಳಿ ಬಣಕ್ಕೆ ಸೇರ್ತಾನೆ, ಕಡೆಗೆ ಕಾದಾಟ. ನಟನೆ ಕೆಲವು ಕಡೆ ಕಟ್ಟಿಗೆ ಹಂಗೆ ಗಟ್ಟಿ. ಕೈ ಎತ್ತಿ ದೂರ ತೋರಿಸೋದೇ ಅರ್ಧ ಸಿನಿಮಾ. ಕತೆ ಕಟ್ಟಿದವನು ನಾರ್ಬರ್ಟ್ ಮೈಲ್ಸ್ ಅನ್ನೋ ಬಿಳಿಯ ನಿರ್ದೇಶಕ, ಅದೂ ಗೊತ್ತಾಗುತ್ತೆ.

ಆದರೆ ಪರದೆ ಮೇಲೆ ಇರೋರು ಯಾರು? ಆ ಕಾಲದ ವೆಸ್ಟರ್ನ್‌ಗಳಲ್ಲಿ ಅಮೆರಿಕದ ಮೂಲನಿವಾಸಿ ಪಾತ್ರ ಬಂದರೆ ಸಾಮಾನ್ಯವಾಗಿ ಬಿಳಿಯರೇ ಮುಖಕ್ಕೆ ಬಣ್ಣ ಬಳ್ಕೊಂಡು ಮಾಡ್ತಿದ್ದರು. ಈ ಚಿತ್ರದಲ್ಲಿ ಹೀರೋ, ಹೀರೋಯಿನ್, ವಿಲನ್, ಹಿಂದೆ ನಿಂತ ಗುಂಪು, ಎಲ್ಲರೂ ಕಯೋವಾ ಮತ್ತು ಕೊಮಾಂಚೆ ಜನಾಂಗದವರೇ. ಸುಮಾರು 300 ಮಂದಿ. ಒಕ್ಲಹೋಮಾದ ವಿಚಿಟಾ ಬೆಟ್ಟಗಳಲ್ಲಿ ಶೂಟಿಂಗ್. ಕಂಪನಿಗೆ ಉಡುಪು, ಸೆಟ್ಟು ಹೊಂದಿಸೋ ತಾಕತ್ತು ಕಡಿಮೆ. ಹಾಗಾಗಿ ನಟರೇ ತಮ್ಮ ಬಟ್ಟೆ, ತಮ್ಮ ಟೀಪಿ ಡೇರೆ, ತಮ್ಮ ಕುದುರೆ, ಮನೆ ಸಾಮಾನು ತಂದರು. ಹೀರೋ ಪಾತ್ರ ಮಾಡಿದವನು ವೈಟ್ ಪಾರ್ಕರ್. ಅವನ ತಂದೆ ಕ್ವಾನಾ ಪಾರ್ಕರ್ ಕೊಮಾಂಚೆಯರ ಹೆಸರಾಂತ ನಾಯಕ, 1911ರಲ್ಲಿ ತೀರಿಕೊಂಡವನು. ಆ ಇನ್ನೊಬ್ಬ ಹುಡುಗಿಯ ಪಾತ್ರ ಮಾಡಿದ ವಾನಡಾ ಪಾರ್ಕರ್ ಕೂಡ ಅವನ ಮಗಳೇ.

ಈಗ ಯೋಚಿಸಿ. ಆ ಹೊತ್ತಿಗೆ ಈ ಜನರ ಕುಣಿತ, ಆಚರಣೆಗಳ ಮೇಲೆ ಅಲ್ಲಿನ ಸರ್ಕಾರದ ನಿರ್ಬಂಧ ಇದ್ದ ಕಾಲ. ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಹಾಕಿ ತಾಯಿಭಾಷೆ ಮರೆಸ್ತಿದ್ದ ಕಾಲ. ಅಂಥಾದ್ದರಲ್ಲಿ ಒಂದು ಅಗ್ಗದ ಪ್ರೇಮಕತೆಯ ನೆಪದಲ್ಲಿ ಕ್ಯಾಮೆರಾ ಮುಂದೆ ಅವರು ತಮ್ಮ ಡೇರೆ ಹೂಡಿದರು, ಕುಣಿದರು. ಚಿತ್ರದಲ್ಲಿ ಕಾಡೆಮ್ಮೆ ಬೇಟೆ ಬರುತ್ತೆ. ಬಯಲಿನ ಕಾಡೆಮ್ಮೆಗಳು ಬೇಟೆಗಾರರ ಬಂದೂಕಿಗೆ ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 15 ಕಾಡೆಮ್ಮೆಗಳನ್ನು ರೈಲಿನಲ್ಲಿ ತಂದು ಇದೇ ವಿಚಿಟಾ ಬೆಟ್ಟಗಳಲ್ಲಿ ಬಿಟ್ಟಿದ್ದರು. ನೀವು ಪರದೆ ಮೇಲೆ ನೋಡೋದು ಅಲ್ಲಿನ ಹಿಂಡು. ಆಯಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಕತೆ ಬಿಟ್ಟು ಹಿಂದಿನದನ್ನೇ ನೋಡ್ತಿದ್ದಳು. ಕುದುರೆಗೆ ಜೀನು ಇದೆಯಾ ಇಲ್ವಾ, ಹೆಂಗಸರು ಹೇಗೆ ಕೂರ್ತಾರೆ, ಜಡೆ ಹೇಗೆ ಹಾಕ್ತಾರೆ. "ಇವು ನಾಟಕದ ಅರವಿ ಅಲ್ಲ, ಮನ್ಯಾಗಿನವು" ಅಂದಳು. ನನಗಿಂತ ಮೊದಲು ಅವಳಿಗೆ ಗೊತ್ತಾಯ್ತು.

ಅಗ್ಗದ ಸಿನಿಮಾವನ್ನು ನೋಡಬೇಕಾದ್ದು ಹೀಗೇ ಅಂತ ನನಗೆ ಈಗ ಅನ್ಸುತ್ತೆ. ದೊಡ್ಡ ಸಿನಿಮಾದಲ್ಲಿ ಎಲ್ಲವನ್ನೂ ಕಟ್ಟಿರ್ತಾರೆ. ದುಡ್ಡಿಲ್ಲದ ಸಿನಿಮಾ ಇದ್ದುದನ್ನೇ ತೋರಿಸುತ್ತೆ, ಬೇರೆ ದಾರಿ ಇಲ್ಲ.

ಈ ಚಿತ್ರ ನಮಗೆ ಸಿಕ್ಕಿದ್ದೇ ಒಂದು ಪವಾಡ. 1920ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೋರಿಸಿದರು, ಆಮೇಲೆ ಬೆರಳೆಣಿಕೆಯ ಊರುಗಳಲ್ಲಿ. ಅಷ್ಟೇ, ಮಾಯ. ದಶಕಗಳ ಕಾಲ ಕಳೆದೇ ಹೋಯ್ತು ಅಂದ್ಕೊಂಡಿದ್ದರು. 2000ದ ದಶಕದಲ್ಲಿ ನಾರ್ತ್ ಕೆರೊಲಿನಾದ ಒಬ್ಬ ಖಾಸಗಿ ಪತ್ತೇದಾರನ ಹತ್ತಿರ ರೀಲುಗಳು ಇವೆ ಅಂತ ಬೆಳಕಿಗೆ ಬಂತು. ಕೆಲಸ ಮಾಡಿಕೊಟ್ಟಿದ್ದಕ್ಕೆ ಯಾರೋ ಕೂಲಿ ಬದಲು ಇದನ್ನು ಕೊಟ್ಟಿದ್ದರಂತೆ! ಒಕ್ಲಹೋಮಾದ ಇತಿಹಾಸ ಸಂಸ್ಥೆ 2007ರಲ್ಲಿ ಕೊಂಡುಕೊಂಡು ರಿಪೇರಿ ಮಾಡಿಸಿತು. ಕೊಮಾಂಚೆ ಸಂಗೀತಗಾರ ಡೇವಿಡ್ ಯೀಗ್ಲಿ ಹೊಸ ಸಂಗೀತ ಬರೆದರು. 2012ರಲ್ಲಿ ಮತ್ತೆ ಪರದೆಗೆ ಬಂತು, 2013ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿತು: 1912ರಿಂದ 1929ರವರೆಗೆ ಅಮೆರಿಕದಲ್ಲಿ ಬಂದ ಸುಮಾರು 11 ಸಾವಿರ ಪೂರ್ಣಾವಧಿ ಮೂಕಿಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರೋದು ಶೇಕಡಾ 14 ಮಾತ್ರ.

ಶೇಕಡಾ 14 ಕಡಿಮೆ ಅನ್ಸುತ್ತೆ, ಅಲ್ವಾ? ಈಗ ನಮ್ಮ ಕಡೆ ಬನ್ನಿ. ಭಾರತದಲ್ಲಿ ಸುಮಾರು 1300 ಮೂಕಿಗಳು ತಯಾರಾದವು. ತುಂಡು ತುಣುಕು ಸೇರಿಸಿದರೂ ಉಳಿದಿರೋದು ಕೆಲವು ಡಜನ್.

ನಮ್ಮಲ್ಲೂ ಕುದುರೆ, ಕತ್ತಿ, ಮುಖವಾಡದ ಅಗ್ಗದ ಸ್ಟಂಟ್ ಚಿತ್ರಗಳು ಬೇಕಾದಷ್ಟಿದ್ದವು. ಉಳಿದಿರೋ ಒಂದು ಹೆಸರು ಹೇಳ್ತೀನಿ, ಬರ್ಕೊಳ್ಳಿ: 'ದಿಲೇರ್ ಜಿಗರ್', 1931, ನಿರ್ದೇಶಕ ಜಿ.ಪಿ. ಪವಾರ್. ಹಾಲಿವುಡ್ಡಿನ ಡಗ್ಲಸ್ ಫೇರ್‌ಬ್ಯಾಂಕ್ಸ್‌ನ ಪ್ರಭಾವ ಎದ್ದು ಕಾಣುತ್ತೆ. ಅದರಲ್ಲಿ ಮುಖವಾಡ ಹಾಕಿ ಕತ್ತಿ ಬೀಸೋ ಹುಡುಗಿ ಯಾರು ಗೊತ್ತಾ? ಲಲಿತಾ ಪವಾರ್. ದೂರದರ್ಶನದ ರಾಮಾಯಣದಲ್ಲಿ ಗೂನು ಬೆನ್ನಿನ ಮಂಥರೆ ಆಗಿದ್ದರಲ್ಲ, ಅವರೇ. ಇದನ್ನು ಹೇಳಿದಾಗ ಆಯಿ ನಂಬಲೇ ಇಲ್ಲ. "ಆ ಮಂಥರಿ? ಕುದುರಿ ಮ್ಯಾಲ?"

ಕಲಬುರಗಿ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ರಾಜಧಾನಿ ಹೈದರಾಬಾದಿನಲ್ಲಿ ಬಂಗಾಳದ ಧೀರೇಂದ್ರನಾಥ ಗಂಗೂಲಿ 1922ರಲ್ಲಿ ಲೋಟಸ್ ಫಿಲ್ಮ್ ಕಂಪನಿ ತೆರೆದು ಮೂಕಿಗಳನ್ನು ತೆಗೀತಿದ್ದರು. 1924ರಲ್ಲಿ 'ರಜಿಯಾ ಬೇಗಂ' ಅನ್ನೋ ಚಿತ್ರ ತೋರಿಸಿದ್ದಕ್ಕೆ ನಿಜಾಮರಿಗೆ ಸಿಟ್ಟು ಬಂದು ಊರು ಬಿಡಿಸಿದರು. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿ ಅವರ ಸೂರ್ಯ ಕಂಪನಿ ಇತ್ತು. ಗುಬ್ಬಿ ವೀರಣ್ಣನವರು ನಾಟಕ ಕಂಪನಿಯ ಜೊತೆಗೆ ಚಿತ್ರ ಕಂಪನಿಯನ್ನೂ ಕಟ್ಟಿ ಮೂಕಿಗಳನ್ನು ತೆಗೆಸಿದರು, ಅದರಲ್ಲಿ ಒಂದನ್ನು ಮಾಡಿದ್ದು ಬೆಲ್ಜಿಯಂನಿಂದ ಬಂದ ರಫೇಲ್ ಆಲ್ಗೋಟ್. ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ 'ಡೊಮಿಂಗೋ', 'ಭೂತರಾಜ್ಯ' ಅಂತ ಎರಡು ಮೂಕಿ ತೆಗೆದರು. ಹೌದು, ಅದೇ ಕಾರಂತರು. ಇವತ್ತು ಅವೆರಡನ್ನೂ ನೋಡೋಕಾಗಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ', ಅದರ ಪ್ರತಿಯೂ ಇಲ್ಲ.

ಎಲ್ಲಿ ಹೋದವು? ಆಗಿನ ಫಿಲ್ಮು ನೈಟ್ರೇಟ್‌ನದು. ಬೆಂಕಿ ಕಡ್ಡಿ ತಾಗಿದರೆ ಸಾಕು, ನೀರು ಸುರಿದರೂ ಆರದ ಬೆಂಕಿ. ಬೆಂಕಿ ಬೀಳದಿದ್ದರೂ ಸೆಕೆಗೆ ಅಂಟಂಟಾಗಿ, ಆಮೇಲೆ ಕಂದು ಪುಡಿ. ನಮ್ಮ ಕಡೆ ಬೇಸಿಗೆ ಗೊತ್ತಲ್ಲ, 43 ಡಿಗ್ರಿ. ಅದೂ ಸಾಲದು ಅಂತ, 1931ರಲ್ಲಿ 'ಆಲಂ ಆರಾ' ಬಂದು ಸಿನಿಮಾ ಮಾತಾಡಿತು. ಮೂಕಿಗೆ ಬೆಲೆಯೇ ಇಲ್ಲ ಅಂತಾಯ್ತು. ಫಿಲ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತೆ. ಗುಜರಿಗೆ ಹಾಕಿ ಬೆಳ್ಳಿ ತೆಗೆದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದು 1964ರಲ್ಲಿ. ಪಿ.ಕೆ. ನಾಯರ್ ಅಲ್ಲಿ ಕೂತು ಊರೂರು ಅಲೆದು ಡಬ್ಬಿ ಹುಡುಕೋ ಹೊತ್ತಿಗೆ ಬಹಳಷ್ಟು ಹೋಗಿಯಾಗಿತ್ತು. ಯಾರೂ ಕೆಟ್ಟವರಲ್ಲ ಇದರಲ್ಲಿ. ಹಳೆ ಸ್ಟಂಟ್ ಚಿತ್ರವನ್ನು ಯಾರು ಜೋಪಾನ ಮಾಡ್ತಾರೆ?

ಇದನ್ನೆಲ್ಲ ಆರಾಮಾಗಿ ಹೇಳ್ತಿದ್ದೀನಿ, ಆದರೆ ನನ್ನ ಮನೆ ಕತೆ ಕೇಳಿ.

ಶರಣಬಸವೇಶ್ವರ ಜಾತ್ರೆ ಹೋಳಿ ಆದ ಐದನೇ ದಿನ. ತೇರಿನ ಸಂಜೆ ಆ ಬಯಲಿನಲ್ಲಿ ನಿಲ್ಲೋಕೆ ಜಾಗ ಇರಲ್ಲ. ಆಯಿ ಸಣ್ಣವಳಿದ್ದಾಗ ಜಾತ್ರೆಗೆ ಡೇರೆ ಸಿನಿಮಾ ಬರ್ತಿತ್ತಂತೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನೆಲದ ಮೇಲೆ. 1996ರ ಜಾತ್ರೆಯಲ್ಲಿ ನಮ್ಮ ಕಾಕಾ ಯಾರದೋ ಕ್ಯಾಮೆರಾ ಬಾಡಿಗೆಗೆ ತಂದು ಒಂದು ವಿಎಚ್‌ಎಸ್ ಕ್ಯಾಸೆಟ್ ತುಂಬಾ ಶೂಟ್ ಮಾಡಿದ್ದ. ಅದರಲ್ಲಿ ಮುತ್ಯಾ ಇದ್ದಾನೆ. ನಮ್ಮ ಮುತ್ಯಾ ನಡೆಯೋದು, ನಗೋದು ಇರೋದು ಜಗತ್ತಿನಲ್ಲಿ ಅದೊಂದೇ ಕ್ಯಾಸೆಟ್‌ನಲ್ಲಿ. ಅದನ್ನು ನಾವು ಟ್ರಂಕಿನಲ್ಲಿ, ಚಾದರಗಳ ಅಡಿಯಲ್ಲಿ 25 ವರ್ಷ ಇಟ್ಟಿದ್ದೆವು. ಜೋಪಾನವಾಗಿ ಇಟ್ಟಿದ್ದೇವೆ ಅಂತಲೇ ನಂಬಿದ್ದೆವು.

ತೆಗೆದಾಗ ಟೇಪಿನ ಅಂಚಿಗೆ ಬಿಳಿ ಬೂಷ್ಟು. ಊರಿನ ಒಂದು ಅಂಗಡಿಗೆ ಕೊಟ್ಟೆ. ಅವರು ಒರೆಸದೆ ನೇರ ಮಷಿನ್‌ಗೆ ಹಾಕಿದರು. ಟೇಪು ಹರೀತು. ಬೂಷ್ಟು ಹಿಡಿದ ಕ್ಯಾಸೆಟ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು 'ಒಮ್ಮೆ ಓಡುತ್ತಾ ನೋಡೋಣ' ಅಂತ ವಿಸಿಆರ್‌ಗೆ ತುರುಕಬೇಡಿ, ಮೊದಲು ಸ್ವಚ್ಛ ಮಾಡೋರ ಕೈಗೆ ಕೊಡಿ. ಬೆಂಗಳೂರಿಗೆ ತಂದು ಇನ್ನೊಬ್ಬರ ಹತ್ತಿರ ಕೂಡಿಸಿ, ತೊಳೆಸಿ, ಕಡೆಗೆ 11 ನಿಮಿಷ ಹೊರಬಂತು. ಚಿತ್ರ ಬಂತು, ದನಿ ಬರಲಿಲ್ಲ. ಯಾಕಂದ್ರೆ ವಿಎಚ್‌ಎಸ್‌ನಲ್ಲಿ ಚಿತ್ರ ಟೇಪಿನ ನಡುವಿನ ಅಗಲದಲ್ಲಿ ಇರುತ್ತೆ, ಸಾಮಾನ್ಯ ಧ್ವನಿ ಅಂಚಿನ ಒಂದು ಸಣ್ಣ ಪಟ್ಟಿಯಲ್ಲಿ. ಬೂಷ್ಟು ಮೊದಲು ತಿನ್ನೋದು ಅಂಚನ್ನು.

ಹಂಗಾಗಿ ನಮ್ಮ ಮನೆಯಲ್ಲೂ ಒಂದು ಮೂಕಿ ಇದೆ, 1996ರದ್ದು.

ಆ ಸೋಮವಾರ ವೆಸ್ಟರ್ನ್ ಮುಗಿದ ಮೇಲೆ ಅದನ್ನು ಆಯಿಗೆ ಹಾಕಿ ತೋರಿಸಿದೆ. ಅಷ್ಟು ದಿನ ತೋರಿಸಿರಲಿಲ್ಲ, ದನಿ ಇಲ್ಲ ಅಂತ ನನಗೇ ನಾಚಿಕೆ. ತೇರು ಬರುತ್ತೆ, ಧೂಳು ಏಳುತ್ತೆ, ಜನ ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೀತಾರೆ. ಕಾಕಾನ ಕೈ ನಡುಗಿ ಕ್ಯಾಮೆರಾ ನೆಲ ನೋಡುತ್ತೆ. ಆಮೇಲೆ ಮುತ್ಯಾ. ಬಿಳಿ ಪಟಕಾ, ಬಗಲಲ್ಲಿ ಚೀಲ. ಕ್ಯಾಮೆರಾ ನೋಡಿ ಏನೋ ಹೇಳ್ತಾನೆ, ನಾಲ್ಕೈದು ಮಾತು, ನಗ್ತಾನೆ, ಮತ್ತೆ ಗದ್ದಲದಲ್ಲಿ ಹೋಗಿಬಿಡ್ತಾನೆ. ನಾನು ಅದನ್ನು ಹತ್ತಾರು ಸಲ ನೋಡಿದ್ದೆ, ತುಟಿ ಓದೋಕೆ ಪ್ರಯತ್ನ ಮಾಡಿ ಸೋತಿದ್ದೆ.

ಆಯಿ ಏನೂ ಹೇಳಲಿಲ್ಲ. ಈ ಸಲ ಕಾರ್ಡ್ ಇಲ್ಲ, ಓದಿ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ನಾನೇ ಕೇಳಿದೆ, "ಮುತ್ಯಾ ಏನ್ ಅಂದ ಆಯಿ?"

"ನಿಮ್ಮ ಕಾಕಾಗ ಬಯ್ಯಲಕತ್ತಾನ. ಬಾಡಿಗಿ ರೊಕ್ಕ ದಂಡ ಅಂತ."

"ಖರೇನಾ?"

"ಇಲ್ಲಂದ್ರ ಮತ್ತೇನ್ ಅಂತಿದ್ದ ಅಂವ," ಅಂದಳು. ಪ್ರಸಾದದ ಪೊಟ್ಟಣ ನನ್ನ ಕೈಗೆ ಕೊಟ್ಟು ಫೋನು ತಾನೇ ಹಿಡ್ಕೊಂಡಳು. "ಹಿಂದಕ್ಕ ತಗೊ. ಇನ್ನೊಮ್ಮಿ ಹಚ್ಚು. ಸಾವಕಾಶ ಹಚ್ಚು."